ಹುಲ್ಲನ್ನು ಕರಗಿಸುವ ಅಣುಜೀವಿಗಳು

ಭತ್ತದ ಒಂದೇ ಪೈರು ನಮಗೆ ಕಾಳನ್ನೂ ಕೊಡುತ್ತದೆ, ಹುಲ್ಲನ್ನೂ ಕೊಡುತ್ತದೆ. ಕಾಳು ಅನ್ನವಾಗಿ, ಅವಲಕ್ಕಿಯಾಗಿ, ದಾವಣಗೆರೆಯ ಭಟ್ಟಿಗಳಲ್ಲಿ ಅರಳಿದ ಮಂಡಕ್ಕಿಯಾಗಿ ಮನುಷ್ಯನ ಹೊಟ್ಟೆಯನ್ನು ಸೇರುತ್ತದೆ. ಹುಲ್ಲನ್ನಾದರೋ ಮನುಷ್ಯನು ಎಷ್ಟು ಬೇಯಿಸಿದರೂ ಅರಗಿಸಿಕೊಳ್ಳಲಾರನು. ಹೀಗಿದ್ದರೂ ಕಾಳಿನ ಬಹುಭಾಗವೂ, ಹುಲ್ಲಿನಲ್ಲಿ ಸುಮಾರು ಮೂರರಲ್ಲೊಂದು ಭಾಗವೂ ಒಂದೇ ಸಕ್ಕರೆಯಿಂದ, ಎಂದರೆ ಗ್ಲೂಕೋಸಿನಿಂದ, ಕಟ್ಟಲ್ಪಟ್ಟಿವೆಯೆಂದು ರಸಾಯನಶಾಸ್ತ್ರವು ಹೇಳುತ್ತದೆ. ಕಾಳಿನಲ್ಲಿ ಆ ಸಕ್ಕರೆಯು ಪಿಷ್ಟವೆಂಬ ರೂಪದಲ್ಲಿದೆ. ಹುಲ್ಲಿನಲ್ಲಿ ಸೆಲ್ಯುಲೋಸ್ ಎಂಬ ರೂಪದಲ್ಲಿದೆ.

ಈ ಭೇದವನ್ನು ತಿಳಿಯಲು ನಮ್ಮ ವಿದ್ಯಾರ್ಥಿನಿಯರು ಹೂಮಾಲೆಯನ್ನು ನೆನೆದರೆ ಸಾಕು. ಹೂಗಳೆಲ್ಲವನ್ನೂ ಒಂದೇ ದಿಕ್ಕಿಗೆ ಮುಖಮಾಡಿ ಕಟ್ಟಿದರೆ ಮಾಲೆಯು ಸುರುಳಿಯಾಗಿ ಬಾಗುತ್ತದೆಂದು ಭಾವಿಸೋಣ. ಪಿಷ್ಟದ ಸರಪಳಿಯು ಇಂಥದು. ಒಂದು ಹೂವನ್ನು ಮೇಲ್ಮುಖವಾಗಿಯೂ ಮರುಹೂವನ್ನು ಕೆಳಮುಖವಾಗಿಯೂ ಕಟ್ಟುತ್ತ ಹೋದರೆ ಮಾಲೆಯು ನೆಟ್ಟಗೆ ನಿಲ್ಲುತ್ತದೆ. ಸೆಲ್ಯುಲೋಸಿನ ಸರಪಳಿಯು ಇಂಥದು. ಸಾವಿರಾರು ಗ್ಲೂಕೋಸ್ ಕಣಗಳುಳ್ಳ ಈ ನೇರವಾದ ಸರಪಳಿಗಳು ಒಂದರ ಪಕ್ಕದಲ್ಲೊಂದು ಒತ್ತಾಗಿ ಮಲಗಿ, ಪರಸ್ಪರ ಹಿಡಿದುಕೊಂಡು, ನೀರಿಗೂ ಕರಗದ ನೂಲಾಗುತ್ತವೆ. ನಮ್ಮ ಬಾಯಿಯ ಜೊಲ್ಲಿನಲ್ಲಿರುವ ಕಿಣ್ವವು ಮೊದಲನೆಯ ಕಟ್ಟನ್ನು ಬಿಚ್ಚಬಲ್ಲುದು. ಎರಡನೆಯದನ್ನು ಬಿಚ್ಚಲು ಅದಕ್ಕೆ ತಿಳಿಯದು. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಎಂಬ ರಸಾಯನಶಾಸ್ತ್ರಜ್ಞನು ಈ ಪದಾರ್ಥವನ್ನು ಸಸ್ಯಗಳಿಂದ ಬೇರ್ಪಡಿಸಿ ತೋರಿಸಿದನು.

ಈ ಶುಷ್ಕವಾದ ವಿಷಯವನ್ನು ಸ್ಮರಣಸಂಚಿಕೆಯಲ್ಲಿ ಎತ್ತಿಕೊಂಡುದಕ್ಕೆ ಕಾರಣವುಂಟು. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಈಗ ಭತ್ತವನ್ನು ಬಹುಮಟ್ಟಿಗೆ ಯಂತ್ರವೇ ಕೊಯ್ದು ಒಕ್ಕುತ್ತದೆ. ಹಿಂದೆ ಆಳುಗಳು ಬುಡಸಹಿತ ಕೊಯ್ದು, ಕಣದಲ್ಲಿ ಬಡಿದು, ಹುಲ್ಲನ್ನು ಬಣವೆಯೊಟ್ಟುತ್ತಿದ್ದರು. ಯಂತ್ರವು ಅದನ್ನು ಗದ್ದೆಯ ತುಂಬ ಚೆಲ್ಲಿ ಮುಂದೆ ಹೋಗುತ್ತದೆ. ಮುಂದಿನ ನಾಟಿಗೆ ಅವಸರ. ಹುಲ್ಲನ್ನು ಕೂಡಿಸಲು ಆಳಿಲ್ಲ. ಆದಕಾರಣ ಕೆಲವರು ಬೆಂಕಿಯಿಡುತ್ತಾರೆ. ಒಂದು ಟನ್ ಹುಲ್ಲು ಉರಿದರೆ ಸುಮಾರು ಐದೂವರೆ ಕಿಲೋಗ್ರಾಂ ಸಾರಜನಕವೂ, ಸುಮಾರು 400 ಕಿಲೋಗ್ರಾಂ ಇಂಗಾಲವೂ ಗಾಳಿಯ ಪಾಲಾಗುತ್ತವೆ. ಮಣ್ಣಿಗೆ ಸಲ್ಲಬೇಕಾದ ಸತ್ತ್ವವು ಹೊಗೆಯಾಗಿ ನೆರೆಯವರ ಕಣ್ಣನ್ನೂ ಎದೆಯನ್ನೂ ಸೇರುತ್ತದೆ. ಫರೋಹನು ಇಸ್ರಾಯೇಲ್ಯರಿಗೆ ಹುಲ್ಲು ಕೊಡದೆ ಇಟ್ಟಿಗೆ ಮಾಡಿರೆಂದು ಪೀಡಿಸಿದ ಕಥೆಯನ್ನು ನಮ್ಮ ಶಾಲೆಯಲ್ಲಿ ಓದದವರಿಲ್ಲ. ಹುಲ್ಲಿನ ಬೆಲೆಯನ್ನು ಅಂದಿನ ಗುಲಾಮರು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರೆಂದು ತೋರುತ್ತದೆ.

ಹಾಗಾದರೆ ಹುಲ್ಲನ್ನು ಬೇಗ ಕರಗಿಸುವ ಬಗೆಯೇನು? ಸೆಲ್ಯುಲೋಸಿನ ಹಟವು ಸಾಮಾನ್ಯವಾದುದಲ್ಲ. ಹತ್ತಿಯು ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕಿ ಸೆಲ್ಯುಲೋಸೇ ಆಗಿದೆ. ಹತ್ತಿಯ ಗಿರಣಿಗಳಿಂದ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯ ಜನಕ್ಕೆ ಅದರ ಗಟ್ಟಿತನವನ್ನು ಹೇಳಿಕೊಡಬೇಕಾಗಿಲ್ಲ. ಹರಿಹರದ ಎದುರಿಗೆ, ತುಂಗಭದ್ರೆಯ ಆಚೆಯ ದಡದ ಕುಮಾರಪಟ್ಟಣದಲ್ಲಿ, 1972ರಲ್ಲಿ ಆರಂಭವಾದ ಕಾರ್ಖಾನೆಯು ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತೆಗೆಯುತ್ತದೆ. ಮರದ ಸೆಲ್ಯುಲೋಸನ್ನು ಕರಗಿಸುವುದಿರಲಿ, ಅದಕ್ಕೆ ಅಂಟಿಕೊಂಡಿರುವ ಲಿಗ್ನಿನ್ ಎಂಬ ಗಾರೆಯಿಂದ ಬಿಡಿಸುವುದಕ್ಕೇ ಕಾರ್ಖಾನೆಗಳು ತೀಕ್ಷ್ಣವಾದ ರಾಸಾಯನಿಕ ದ್ರಾವಣಗಳನ್ನೂ ದೊಡ್ಡ ಪಾತ್ರೆಗಳನ್ನೂ ಹೆಚ್ಚಿನ ಶಾಖವನ್ನೂ ಬಳಸಬೇಕಾಗುತ್ತದೆ.

ಇಷ್ಟೆಲ್ಲ ಆಡಂಬರವಿಲ್ಲದೆ ಅದೇ ಕೆಲಸವನ್ನು ಸದ್ದಿಲ್ಲದೆ ನಡೆಸುವ ಜೀವಿಗಳು ನಮ್ಮ ಕಾಲಡಿಯಲ್ಲಿಯೇ ಇವೆ. ಕೆಲವು ಬಗೆಯ ಬ್ಯಾಕ್ಟೀರಿಯಗಳೂ ಶಿಲೀಂಧ್ರಗಳೂ ಸೆಲ್ಯುಲೋಸನ್ನು ತುಂಡರಿಸುವ ಕಿಣ್ವಗಳನ್ನು ತಯಾರಿಸಬಲ್ಲವು. ಈ ಕೆಲಸಕ್ಕೆ ಒಂದೇ ಕಿಣ್ವವು ಸಾಲದು. ಒಂದು ಬಗೆಯದು ಸರಪಳಿಯ ನಡುವೆ ಕತ್ತರಿಸುತ್ತದೆ. ಇನ್ನೊಂದು, ಹೀಗೆ ಹುಟ್ಟಿದ ತುದಿಗಳಿಂದ ಎರಡೆರಡೇ ಗ್ಲೂಕೋಸ್ ಕಣಗಳ ಜೋಡಿಗಳನ್ನು ಬಿಡಿಸುತ್ತ ಬರುತ್ತದೆ. ಮೂರನೆಯದು ಆ ಜೋಡಿಗಳನ್ನು ಬೇರ್ಪಡಿಸಿ ಸಕ್ಕರೆಯನ್ನು ಒದಗಿಸುತ್ತದೆ. 1983ರಲ್ಲಿ ಇಸ್ರೇಲಿನ ಬೇಯರ್ ಮತ್ತು ಲಾಮೆಡ್ ಎಂಬ ವಿಜ್ಞಾನಿಗಳು ಇನ್ನೊಂದು ವಿಚಿತ್ರವನ್ನು ಕಂಡರು. ಸುಮಾರು 60 ಡಿಗ್ರಿ ಶಾಖದಲ್ಲಿ ಚೆನ್ನಾಗಿ ಬಾಳುವ ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಂ ಎಂಬ ಬ್ಯಾಕ್ಟೀರಿಯವು ಈ ಕಿಣ್ವಗಳನ್ನು ಎಲ್ಲೆಂದರಲ್ಲಿ ಚೆಲ್ಲುವುದಿಲ್ಲ. ಬಡಗಿಯು ತನ್ನ ಹತಾರಗಳನ್ನೆಲ್ಲ ಒಂದೇ ಚೀಲದಲ್ಲಿಟ್ಟುಕೊಂಡು ಕೆಲಸದ ಸ್ಥಳಕ್ಕೆ ಹೋಗುವಂತೆ, ಅವೆಲ್ಲವನ್ನೂ ಒಂದು ಚೌಕಟ್ಟಿಗೆ ಜೋಡಿಸಿ, ಆ ಚೌಕಟ್ಟಿನಿಂದಲೇ ನಾರಿಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಸೆಲ್ಯುಲೋಸೋಮ್ ಎಂದು ಹೆಸರಾಯಿತು.

ಇಂಥ ಬ್ಯಾಕ್ಟೀರಿಯಗಳ ಅತ್ಯಂತ ಸಮೃದ್ಧವಾದ ನೆಲೆಯು ಯಾವುದೆಂದರೆ, ಕೊಟ್ಟಿಗೆಯಲ್ಲಿ ಮೆಲುಕುಹಾಕುತ್ತ ನಿಂತಿರುವ ನಮ್ಮ ಹಸುವಿನ ಹೊಟ್ಟೆ. ಹಸುವು ತಾನಾಗಿ ಹುಲ್ಲನ್ನು ಅರಗಿಸಲಾರದು. ಅದರ ಹೊಟ್ಟೆಯ ಮೊದಲನೆಯ ಕೋಶವು ದೊಡ್ಡ ತಳಿಗಳಲ್ಲಿ ನೂರು ಲೀಟರಿಗೂ ಮಿಕ್ಕಿ ಹಿಡಿಯುವ ಒಂದು ಹುದುಗುಪಾತ್ರೆ. ಅಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಕಡಿಮೆ. ಶಾಖವು ಸುಮಾರು 39 ಡಿಗ್ರಿ. ರಸದ ಒಂದೊಂದು ಮಿಲಿಲೀಟರಿನಲ್ಲಿಯೂ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಗಳು. ಅಮೆರಿಕದ ರಾಬರ್ಟ್ ಹಂಗೇಟ್ ಎಂಬಾತನು 1940ರ ದಶಕದಲ್ಲಿ ಗಾಳಿ ಸೋಕದ ಗಾಜಿನ ನಳಿಗೆಗಳಲ್ಲಿ ಇವುಗಳನ್ನು ಬೆಳೆಸುವ ಉಪಾಯವನ್ನು ಕಂಡುಹಿಡಿದನು. ಅಲ್ಲಿಯವರೆಗೆ ಇವುಗಳನ್ನು ಬೇರೆಬೇರೆಯಾಗಿ ಸಾಕಿ ನೋಡುವುದು ದುಸ್ಸಾಧ್ಯವಾಗಿತ್ತು. ಫೈಬ್ರೋಬ್ಯಾಕ್ಟರ್, ರೂಮಿನೋಕಾಕಸ್ ಮುಂತಾದ ಈ ಜೀವಿಗಳು ಹುಲ್ಲಿನ ಸೆಲ್ಯುಲೋಸನ್ನು ಸಕ್ಕರೆಯಾಗಿಸಿ ತಾವೇ ತಿನ್ನುತ್ತವೆ. ಇವೂ ಇವುಗಳ ನೆರೆಯ ಜೀವಿಗಳೂ ಸೇರಿ ಹೊರಬಿಡುವ ಅಸಿಟಿಕ್ ಮೊದಲಾದ ಆಮ್ಲಗಳೇ ಹಸುವಿಗೆ ಮುಖ್ಯವಾದ ಆಹಾರ. ಹಾಲಿನ ಕೊಬ್ಬಿನ ಒಂದು ದೊಡ್ಡ ಪಾಲು ಆ ಅಸಿಟಿಕ್ ಆಮ್ಲದಿಂದಲೇ ಹುಟ್ಟುತ್ತದೆ. ದಾವಣಗೆರೆಯ ಬೆಣ್ಣೆದೋಸೆಯನ್ನು ಹೊಗಳುವವರು ಈ ಅಡುಗೆಯವರನ್ನೂ ಸ್ವಲ್ಪ ನೆನೆಯಬಹುದು.

ಉಳಿದ ನೆಲೆಗಳು ಅನೇಕ. ಕೆರೆಯ ಕೆಸರು, ಕಾಡಿನ ತರಗು, ತಿಪ್ಪೆ, ಗೆದ್ದಲಿನ ಕರುಳು, ಇವೆಲ್ಲ ಅವುಗಳ ಊರುಗಳೇ. ಪುಂಡಿಯ ನಾರು ತೆಗೆಯುವವರು ಅವುಗಳ ಹೆಸರನ್ನರಿಯದೆಯೂ ಅವುಗಳಿಗೆ ಅಂಜುತ್ತಾರೆ. ಪುಂಡಿಯ ಕಡ್ಡಿಗಳನ್ನು ನೀರಿನಲ್ಲಿ ನೆನೆಹಾಕಿದಾಗ ಮೊದಲು ಬೇರೊಂದು ಜಾತಿಯ ಬ್ಯಾಕ್ಟೀರಿಯಗಳು ನಾರುಗಳ ನಡುವಿನ ಅಂಟನ್ನು ಕರಗಿಸುತ್ತವೆ. ಆಗಲೇ ಎತ್ತಿ ತೊಳೆದರೆ ನಾರು ಬಲವಾಗಿ ಬರುತ್ತದೆ. ಹೊತ್ತುಮೀರಿ ಬಿಟ್ಟರೆ ಸೆಲ್ಯುಲೋಸನ್ನು ತಿನ್ನುವ ಜಾತಿಯವು ನಾರಿಗೇ ಕೈಹಾಕಿ ಹಗ್ಗವು ಹರಿಯುವಂತೆ ಮಾಡುತ್ತವೆ.

ಈ ಜೀವಿಗಳ ಅಧ್ಯಯನದಿಂದ ವೈದ್ಯಶಾಸ್ತ್ರಕ್ಕೂ ಒಂದು ಲಾಭವಾಯಿತು. ರೆನೆ ಡ್ಯೂಬೋಸ್ ಎಂಬ ತರುಣನು 1927ರಲ್ಲಿ ಅಮೆರಿಕದಲ್ಲಿ ಮಣ್ಣಿನೊಳಗೆ ಸೆಲ್ಯುಲೋಸ್ ಕರಗುವ ವಿಷಯವಾಗಿ ಪ್ರೌಢಪ್ರಬಂಧವನ್ನು ಬರೆದನು. ನ್ಯುಮೋನಿಯಾ ರೋಗದ ಬ್ಯಾಕ್ಟೀರಿಯದ ಹೊದಿಕೆಯೂ ಸಕ್ಕರೆಗಳ ಸರಪಳಿಯೇ ಆಗಿರುವಾಗ ಅದನ್ನು ಕರಗಿಸುವ ಜೀವಿಯೂ ಮಣ್ಣಿನಲ್ಲಿ ಇರಲೇಬೇಕೆಂದು ತರ್ಕಿಸಿ, ಹುಡುಕಿ, 1930ರಲ್ಲಿ ಅಂಥದನ್ನು ಕಂಡನು. ಅದೇ ದಾರಿಯಲ್ಲಿ ನಡೆದು 1939ರಲ್ಲಿ ಗ್ರಾಮಿಸಿಡಿನ್ ಎಂಬ ಔಷಧವನ್ನು ಬೆಳಕಿಗೆ ತಂದನು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ಹಳೆಯ ಚರಿತ್ರೆಯುಂಟು. ಆಲ್ಬರ್ಟ್ ಹೋವರ್ಡನು 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಕಸಕಡ್ಡಿಗಳಿಗೆ ಸಗಣಿಯನ್ನು ಬೆರೆಸಿ ಆಗಾಗ್ಗೆ ಮಗುಚುತ್ತ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದನು. ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದಲ್ಲಿ ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ಅದಕ್ಕಿಂತ ಸುಲಭವಾದ ಕ್ರಮವನ್ನು ಸಿದ್ಧಪಡಿಸಿದರು. ಗುಂಡಿಯಲ್ಲಿ ಕಸವನ್ನೂ ಮಲವನ್ನೂ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರೆಂಟು ತಿಂಗಳು ಬಿಟ್ಟುಬಿಡುವುದು, ಮಗುಚುವ ಕೂಲಿಯಿಲ್ಲ. ಇದು ಬೆಂಗಳೂರು ಕ್ರಮವೆಂದೇ ಹೊರದೇಶಗಳ ಪುಸ್ತಕಗಳಲ್ಲಿಯೂ ಪ್ರಸಿದ್ಧವಾಗಿದೆ. ಎರಡು ಕ್ರಮಗಳ ತಿರುಳೂ ಒಂದೇ: ಹುಲ್ಲುಕಡ್ಡಿಗೆ ಸಾರಜನಕವಿರುವ ವಸ್ತುವನ್ನು ಕೂಡಿಸಬೇಕು.

ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಇಡೀ ವಿಷಯದ ಕೀಲು ಇಲ್ಲಿದೆ. ಭತ್ತದ ಹುಲ್ಲಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲವು ಸುಮಾರು 60ರಿಂದ 80 ಪಾಲು. ಅಣುಜೀವಿಗಳು ತೃಪ್ತಿಯಾಗಿ ಬೆಳೆಯಬೇಕಾದರೆ ಒಂದಕ್ಕೆ 25 ಅಥವಾ 30 ಇರಬೇಕು. ಸಕ್ಕರೆಯಿದ್ದೂ ಸಾರಜನಕವಿಲ್ಲದಿದ್ದರೆ ಅವು ಮೈಕಟ್ಟಲಾರವು. ಮೈಕಟ್ಟದಿದ್ದರೆ ಕೆಲಸವೂ ಸಾಗದು. ಬರಿಯ ಹುಲ್ಲನ್ನು ಉತ್ತು ಮುಚ್ಚಿ ಮರುದಿನವೇ ನಾಟಿ ಮಾಡಿದರೆ ಅವು ಮಣ್ಣಿನಲ್ಲಿರುವ ಸಾರಜನಕವನ್ನು ಎಳೆದುಕೊಳ್ಳುವುವು. ಎಳೆಯ ಪೈರು ಹಳದಿಗೆ ತಿರುಗುವುದು. ಹುಲ್ಲಿನಿಂದ ಗದ್ದೆ ಕೆಟ್ಟಿತೆಂಬ ರೈತರ ದೂರಿನಲ್ಲಿ ಈ ಮಟ್ಟಿಗೆ ಸತ್ಯವಿದೆ. ನಿಂತ ನೀರಿನ ಕೆಳಗೆ ಹಸಿಹುಲ್ಲು ಕೊಳೆತರೆ ಮೀಥೇನ್ ಅನಿಲವು ಹೆಚ್ಚಾಗಿ ಹೊರಡುವುದೂ ಉಂಟು.

ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇನೆ. ಮೂರು ಶುಭ್ರವಾದ ಗಾಜಿನ ಸೀಸೆಗಳಲ್ಲಿ ಕುದಿಸಿ ಆರಿಸಿದ ನೀರನ್ನು ಅರ್ಧದವರೆಗೆ ತುಂಬಿ, ಒಂದೊಂದರಲ್ಲಿಯೂ ಸೋಸುಕಾಗದದ ಅಥವಾ ಹಳೆಯ ಬಿಳಿ ಹತ್ತಿಬಟ್ಟೆಯ ಪಟ್ಟಿಯನ್ನು ಅರ್ಧ ಮುಳುಗುವಂತೆ ನಿಲ್ಲಿಸಿರಿ. ಎರಡು ಸೀಸೆಗಳಿಗೆ ಒಂದೊಂದು ಚಮಚ ಗದ್ದೆಯ ಮಣ್ಣನ್ನು ಹಾಕಿರಿ; ಕಡರನಾಯಕನಹಳ್ಳಿಯ ಗದ್ದೆಯ ಮಣ್ಣಾದರೂ ಸರಿ, ನಿಮ್ಮ ಊರಿನದಾದರೂ ಸರಿ. ಆ ಎರಡರಲ್ಲಿ ಒಂದಕ್ಕೆ ಮಾತ್ರ ಚಿಟಿಕೆ ಅಮೋನಿಯಂ ಸಲ್ಫೇಟನ್ನೂ ಚಿಟಿಕೆ ಸೀಮೆಸುಣ್ಣದ ಪುಡಿಯನ್ನೂ ಬೆರೆಸಿರಿ. ಮೂರನೆಯದಕ್ಕೆ ಏನನ್ನೂ ಹಾಕಬೇಡಿರಿ. ಬಾಯಿಗೆ ಹತ್ತಿಯನ್ನು ಸಡಿಲವಾಗಿ ಇಟ್ಟು ಬೆಚ್ಚಗಿನ ನೆರಳಿನಲ್ಲಿರಿಸಿದರೆ, ಎರಡು ಮೂರು ವಾರಗಳಲ್ಲಿ ಗೊಬ್ಬರ ಹಾಕಿದ ಸೀಸೆಯ ಪಟ್ಟಿಯ ಮೇಲೆ, ನೀರಿನ ಅಂಚಿನಲ್ಲಿ, ಹಳದಿಯ ಲೋಳೆಯಾದ ಮಚ್ಚೆಗಳು ಕಾಣುವುವು. ಮೆಲ್ಲನೆ ಎಳೆದರೆ ಪಟ್ಟಿಯು ಅಲ್ಲಿಯೇ ಕಡಿಯುವುದು. ಮಣ್ಣು ಮಾತ್ರವಿರುವುದು ಹಿಂದೆ ಬೀಳುವುದು. ಮೂರನೆಯದು ಬಹುಮಟ್ಟಿಗೆ ಇದ್ದಂತೆಯೇ ಇರುವುದು. ಬ್ಯಾಕ್ಟೀರಿಯಗಳನ್ನು ನಾವು ಅಂಗಡಿಯಿಂದ ತರಲಿಲ್ಲವೆಂಬುದನ್ನು ಗಮನಿಸಿರಿ.

ಅವುಗಳನ್ನು ಅಂಗಡಿಯಿಂದ ತರುವ ಕಾಲವೂ ಬಂದಿದೆ. ಜಪಾನಿನ ಕಾವೋ ಕಂಪನಿಯು 1987ರಲ್ಲಿ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯದಿಂದ ತೆಗೆದ ಸೆಲ್ಯುಲೋಸ್‌ಕಿಣ್ವವನ್ನು ಬಟ್ಟೆ ಒಗೆಯುವ ಪುಡಿಯಲ್ಲಿ ಬೆರೆಸಿ ಮಾರಾಟಕ್ಕೆ ತಂದಿತು. ಹರಿಯಾಣದ ಪಾಣಿಪತ್ತಿನಲ್ಲಿ 2022ರ ಆಗಸ್ಟಿನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ಇಂಧನವನ್ನು ತೆಗೆಯುವ ಕಾರ್ಖಾನೆಯು ಉದ್ಘಾಟನೆಯಾಯಿತು. ಇಂಥ ಕಾರ್ಖಾನೆಗಳಿಗೆ ಸಹಾಯ ನೀಡಲು ಕೇಂದ್ರಸರ್ಕಾರವು 2019ರಲ್ಲಿ ಅಂಗೀಕರಿಸಿದ ಯೋಜನೆಗೆ ಸೇರಿದವುಗಳಲ್ಲಿ, ಮಂಗಳೂರಿನ ತೈಲಶುದ್ಧಿ ಕಂಪನಿಯು ನಮ್ಮ ಹರಿಹರಕ್ಕೆಂದು ಯೋಚಿಸಿದುದೂ ಒಂದು. ಕೈಗಾರಿಕೆಯಲ್ಲಿ ಈವರೆಗೆ ಹೆಚ್ಚಾಗಿ ಬಳಕೆಯಾಗಿರುವುದು ಶಿಲೀಂಧ್ರದ ಕಿಣ್ವ. ಆದರೆ ಹುಲ್ಲನ್ನು ಕರಗಿಸುವುದನ್ನೂ ಎಥನಾಲ್ ಮಾಡುವುದನ್ನೂ ಒಂದೇ ಪಾತ್ರೆಯಲ್ಲಿ ನಡೆಸಬಲ್ಲ ಮೇಲ್ಕಂಡ ಕ್ಲಾಸ್ಟ್ರಿಡಿಯಂನ ಮೇಲೆ ಶಾಸ್ತ್ರಜ್ಞರಿಗೆ ಬಹಳ ಆಸೆಯಿದೆ.

ಗದ್ದೆಗೆ ಎರಚುವ ಅಣುಜೀವಿಗಳೂ ಬಂದಿವೆ. ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ಶಿಲೀಂಧ್ರದ ಮಾತ್ರೆಗಳು 2020ರಿಂದ ಹೆಸರಾದವು. ಅವುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪರಂತು ಒಣಗಿದ ಹುಲ್ಲಿನ ಮೇಲೆ ಎಂಥ ಜೀವಿಯನ್ನೆರಚಿದರೂ ತೇವವೂ ಸಾರಜನಕವೂ ಮೂರು ವಾರಗಳ ಬಿಡುವೂ ಇಲ್ಲದಿದ್ದರೆ ಅದು ಏನನ್ನೂ ಮಾಡಲಾರದು. ಇವು ಮೂರೂ ಇದ್ದರೆ ಸಗಣಿಯಲ್ಲಿಯೂ ಮಣ್ಣಿನಲ್ಲಿಯೂ ಮೊದಲೇ ಇರುವ ಜೀವಿಗಳೇ ಬಹಳ ಕೆಲಸ ಮಾಡುತ್ತವೆ. ಹಣವನ್ನು ಪೊಟ್ಟಣಕ್ಕೆ ಸುರಿಯುವ ಮೊದಲು ಹುಲ್ಲನ್ನು ತುಂಡರಿಸುವ ಯಂತ್ರದ ಬಾಡಿಗೆಗೆ ಕೊಡುವುದು ಮೇಲೆಂದು ನನಗೆ ತೋರುತ್ತದೆ.

ಬಿಡುವಿನ ಮಾತು ಬಂದಾಗ ಅಚ್ಚುಕಟ್ಟಿನ ಎರಡು ಬೆಳೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಬೇಸಿಗೆಯ ಬೆಳೆಯು ಮೇ ತಿಂಗಳ ಹೊತ್ತಿಗೆ ಕೊಯ್ಲಾಗುತ್ತದೆ. ಮಳೆಗಾಲದ ನಾಟಿಯು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ನಡುವೆ ಮುಂಗಾರಿನ ಮೊದಲ ಮಳೆಗಳೂ ಬೀಳುತ್ತವೆ. ಆ ಹುಲ್ಲನ್ನು ಕತ್ತರಿಸಿ ಹರಡಿ, ಎಕರೆಗೆ ಕೆಲವು ಬುಟ್ಟಿ ಸಗಣಿಯ ಬಗ್ಗಡವನ್ನು ಚಿಮುಕಿಸಿ, ಮೊದಲ ಮಳೆಗೆ ಮೇಲುಮೇಲಾಗಿ ಉತ್ತುಬಿಟ್ಟರೆ ನಾಲೆಯ ನೀರು ಬರುವುದರೊಳಗೆ ಅದರ ಬಿರುಸು ಅಡಗಿರುತ್ತದೆ. ಅದನ್ನು ಸುಡುವುದಕ್ಕೆ ನೆವವೇ ಇಲ್ಲ. ವರ್ಷದ ಕೊನೆಯಲ್ಲಿ ಕೊಯ್ದ ಬೆಳೆಯ ಹುಲ್ಲಿಗೆ ಇಷ್ಟು ಅವಕಾಶವಿರುವುದಿಲ್ಲ, ತೇವವೂ ಸಾಲದು. ಅದನ್ನು ಯಂತ್ರದಿಂದಲೇ ಸುರುಳಿಕಟ್ಟಿಸಿ, ಕೊಟ್ಟಿಗೆಯಿದ್ದವರು ಬಣವೆಗೂ, ದನಗಳಿಲ್ಲದವರು ನೆರೆಯವರ ಕೊಟ್ಟಿಗೆಗೋ ತಿಪ್ಪೆಗುಂಡಿಗೋ ಸಾಗಿಸುವುದೇ ಯೋಗ್ಯ.