ಎರಡು ಓಮ್ನಿ ಬೆಲೆಯ ಬಾಗಿಲು

ತೀರ್ಥಹಳ್ಳಿ

ಚಿ. ಸೌ. ಸುಮಳಿಗೆ,

ಅಲ್ಲಿ ಅಮೆರಿಕದಲ್ಲಿ ನಿಮ್ಮ ವ್ಯಾನಿನ ಬಾಗಿಲು ರಿಪೇರಿಗೆ 2,100 ಡಾಲರ್ ಕೇಳುತ್ತಿದ್ದಾರೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗ ನಾನು ಸುಮ್ಮನಾಗಿಬಿಟ್ಟೆ. ಲೈನ್ ಕಟ್ಟಾಯಿತೆಂದು ನೀನು ‘ಅಪ್ಪಾ, ಅಪ್ಪಾ’ ಎಂದು ಕೂಗಿದೆ. ಕಟ್ಟಾಗಿರಲಿಲ್ಲ ಮಗಳೇ, ಗುಣಾಕಾರ ಮಾಡುತ್ತಿದ್ದೆ. ಡಾಲರನ್ನು ರೂಪಾಯಿಗೆ ತಿರುಗಿಸಬೇಡ ಎಂದು ಎಷ್ಟು ಸಲ ಹೇಳಿದ್ದೀಯ. ಈ ಹಾಳು ಚಾಳಿ ಬಿಡುವುದಿಲ್ಲ. ಒಂದೂಮುಕ್ಕಾಲು ಲಕ್ಷ ದಾಟಿತು. 1998ರಲ್ಲಿ ನಾನು ಸೆಕೆಂಡ್ ಹ್ಯಾಂಡ್ ಓಮ್ನಿ ಕೊಂಡಿದ್ದು 85 ಸಾವಿರಕ್ಕೆ. ನಿಮ್ಮ ಒಂದು ಬಾಗಿಲಿಗೆ ನನ್ನ ಎರಡು ಓಮ್ನಿ, ಎಂಟು ಚಕ್ರ ಸಮೇತ.

ಆ ಓಮ್ನಿಯ ಬಾಗಿಲು ನಿನಗೆ ನೆನಪಿರಬೇಕು. ಎಳೆದರೆ ಬೀದಿಗೆಲ್ಲ ಕೇಳುವಷ್ಟು ಸದ್ದು. ಸಿನಿಮಾದಲ್ಲಿ ಹುಡುಗಿಯನ್ನು ಎತ್ತಿಹಾಕಿಕೊಂಡು ಹೋಗುವ ವ್ಯಾನ್ ಎಂದು ನಿನ್ನ ಸೋದರಮಾವ ಗೇಲಿ ಮಾಡುತ್ತಿದ್ದ. ಮಳೆಗಾಲದಲ್ಲಿ ಕೆಳಗಿನ ಹಳಿಯಲ್ಲಿ ಕೆಮ್ಮಣ್ಣು ಕೂತು ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಬುದ್ಧಿವಂತಿಕೆ ಮಾಡಿ ಹಳಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಎಣ್ಣೆಗೆ ಮಣ್ಣು ಹತ್ತಿ, ಮಣ್ಣಿಗೆ ಮತ್ತೆ ಎಣ್ಣೆ ಬಿಟ್ಟು, ಕೊನೆಗೆ ಅದು ತಂಬಿಟ್ಟಿನ ಹದಕ್ಕೆ ಬಂತು. ನಿನ್ನಮ್ಮ ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಒಂದು ಭಾನುವಾರವಿಡೀ ಅದನ್ನು ತೆಗೆದಳು.

ನಿಮ್ಮ ವ್ಯಾನಿನ ಹಳಿಯಲ್ಲಿ ಕೆಮ್ಮಣ್ಣಿಲ್ಲ. ಹೋದ ಸಲ ಬಂದಾಗ ನಾನೇ ಬಗ್ಗಿ ನೋಡಿದ್ದೆ: ಮೊಮ್ಮಗ ಪುಟ್ಟ ಚೆಲ್ಲಿದ ಸೀರಿಯಲ್, ಎರಡು ಒಣದ್ರಾಕ್ಷಿ, ಒಂದು ಚಕ್ಕುಲಿ ಚೂರು, ಮೇಲೆ ಬೆಳ್ಳಗೆ ಕಟ್ಟಿದ ಉಪ್ಪು. ಚಳಿಗಾಲದಲ್ಲಿ ರಸ್ತೆಗೆ ಎರಚುವ ಆ ಉಪ್ಪು ಬೂಟಿಗೆ ಅಂಟಿಕೊಂಡು ಬಂದು ಅಲ್ಲಿ ಕೂರುತ್ತದೆ. ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ.

ಇನ್ನೊಂದು ವಿಷಯ ಹೇಳಬೇಕು. ಈ ಬಲಬಾಗಿಲು ಕೆಟ್ಟಿದ್ದರಲ್ಲಿ ನನ್ನ ಕೈಯೂ ಇದೆ. ಬ್ರಿಡ್ಜ್‌ವಾಟರ್ ದೇವಸ್ಥಾನದ ಪಾರ್ಕಿಂಗಿನಲ್ಲಿ ಪುಟ್ಟ ಗುಂಡಿ ಒತ್ತಿದ. ಬಾಗಿಲು ತನ್ನ ಪಾಡಿಗೆ ನಿಧಾನ ಸರಿಯುತ್ತಿತ್ತು. ಹಿಂದೆ ಯಾರದೋ ಕಾರು ಕಾಯುತ್ತಿತ್ತು. ನನಗೆ ತಡೆಯಲಿಲ್ಲ, ಓಮ್ನಿ ಎಳೆದ ಕೈ ನೋಡು, ಹಿಡಿದು ಜಗ್ಗಿದೆ. ಒಳಗೆಲ್ಲೋ ಕಟಕ್ ಎಂದಿತು. ಮುಂದಿನ ವಾರದಿಂದ ಅದು ಬೀಪ್ ಬೀಪ್ ಎನ್ನತೊಡಗಿತು. ಅಳಿಯಂದಿರು ಬ್ಯಾಟರಿ ವೀಕ್ ಇರಬೇಕು ಎಂದರು. ನಾನು ಹೂಂ ಎಂದೆ.

ಆ ಬಾಗಿಲಿನ ಹೊಟ್ಟೆಯಲ್ಲಿ ಏನಿದೆ ಎನ್ನುವುದು ನನಗೆ ಗೊತ್ತು, ಯಾಕೆಂದರೆ ಅದಕ್ಕೂ ಮುಂಚೆ ಎಡಬಾಗಿಲು ಕೆಟ್ಟಾಗ ಎಡಿಸನ್‌ನ ಆ ಚಿಕ್ಕ ಗ್ಯಾರೇಜಿನಲ್ಲಿ ಎರಡು ಗಂಟೆ ನಿಂತು ನೋಡಿದ್ದೇನೆ. ಒಂದು ಮೋಟಾರು, ಅದರ ಪಕ್ಕ ಬುಗುರಿಯಂಥ ಡ್ರಮ್ಮು. ಬಾವಿಯ ರಾಟೆಗೆ ಹಗ್ಗ ಸುತ್ತಿದ ಹಾಗೆ ಅದಕ್ಕೆ ಉಕ್ಕಿನ ಸಣ್ಣ ಕೇಬಲ್ ಸುತ್ತಿರುತ್ತದೆ. ಕೇಬಲ್ಲು ಆಚೀಚೆಯ ಪುಲ್ಲಿಗಳನ್ನು ಬಳಸಿ ಬಾಗಿಲನ್ನು ಎಳೆಯುತ್ತದೆ. ಬಾಗಿಲಿನ ಭಾರ ಹೊರುವುದು ಮಾತ್ರ ಮೋಟಾರಲ್ಲ. ಮೇಲೆ, ನಡುವೆ, ಕೆಳಗೆ ಇರುವ ರೋಲರುಗಳು. ರೋಲರ್ ಸವೆದರೆ ಬಾಗಿಲು ಜೋತು ಬೀಳುತ್ತದೆ, ಎಳೆಯುವ ಕೇಬಲ್ಲಿಗೆ ಹೊರೆ ಹೆಚ್ಚುತ್ತದೆ, ಎಳೆ ಎಳೆಯಾಗಿ ಬಿಚ್ಚಿಕೊಂಡು ಡ್ರಮ್ಮಿನಲ್ಲಿ ಸಿಕ್ಕಾಗುತ್ತದೆ. ಆಗ ಕಂಪನಿಯ ಸರ್ವೀಸ್ ಸೆಂಟರಿನವರು ಸಾಮಾನ್ಯವಾಗಿ ಕೇಬಲ್ ಒಂದನ್ನೇ ಹಾಕುವುದಿಲ್ಲ, ಮೋಟಾರು ಸಮೇತ ಇಡೀ ಸೆಟ್ಟನ್ನೇ ಬದಲಾಯಿಸುತ್ತಾರೆ. ಸಾವಿರ ಡಾಲರಿನ ಮೇಲಿನ ಲೆಕ್ಕ ಬರುವುದು ಅಲ್ಲಿ. ಅದರ ಮೇಲೆ ಗಂಟೆಗೆ ನೂರೈವತ್ತು ಡಾಲರಿನ ಕೂಲಿ. ಕೂಲಿ ಹೆಚ್ಚೆಂದು ನಾನು ಬೈಯುವುದಿಲ್ಲ, ಆ ಪ್ಯಾನೆಲ್ ಬಿಚ್ಚಿ ಕ್ಲಿಪ್ಪು ಮುರಿಯದೆ ಕೂರಿಸುವುದು ನಾಜೂಕಿನ ಕೆಲಸ. ಎಡಬಾಗಿಲಿಗೂ ಮೊದಲು ದೊಡ್ಡ ಮೊತ್ತವನ್ನೇ ಹೇಳಿದ್ದರಲ್ಲ? ಕೊನೆಗೆ ಸವೆದಿದ್ದು ನಡುವಿನ ರೋಲರ್ ಒಂದೇ. ಕೂಲಿ ಸೇರಿ 160 ಡಾಲರಿಗೆ ಮುಗಿಯಿತು.

ಆದ್ದರಿಂದ ಎಷ್ಟಾಗುತ್ತದೆ ಎಂದು ಕೇಳುವ ಮೊದಲು ಏನಾಗಿದೆ ಎಂದು ಕೇಳು. ಡ್ಯಾಶ್‌ಬೋರ್ಡಿನಲ್ಲೋ ಮೇಲುಗಡೆಯೋ ಬಾಗಿಲಿನ ಪವರ್ ಆಫ್ ಮಾಡುವ ಸ್ವಿಚ್ ಇರುತ್ತದೆ. ಅದನ್ನು ಆಫ್ ಮಾಡಿ ಕೈಯಲ್ಲಿ ಎಳೆದು ನೋಡು, ನನ್ನ ಹಾಗಲ್ಲ, ಮೆತ್ತಗೆ. ಸರಾಗ ಬಂದರೆ ರೋಲರು, ಹಳಿ ನೆಟ್ಟಗಿವೆ ಎಂದರ್ಥ. ಬಿಗಿಯಾಗಿ, ಕೊಸರಾಡುತ್ತ ಬಂದರೆ ರೋಲರೋ, ಸಿಕ್ಕಾದ ಕೇಬಲ್ಲೋ. ಆಮೇಲೆ ಪವರ್ ಆನ್ ಮಾಡಿ ಕಿವಿಗೊಡು: ಮೋಟಾರು ಗುಯ್ ಎಂದೂ ಬಾಗಿಲು ಅಲುಗದಿದ್ದರೆ ಕೇಬಲ್ಲಿನ ಮೇಲೆ ಅನುಮಾನ, ಸದ್ದೇ ಇಲ್ಲದಿದ್ದರೆ ಫ್ಯೂಸು, ವೈರು ಮೊದಲು ನೋಡಲಿ. ವಿಂಡ್‌ಶೀಲ್ಡಿನ ಕೆಳಮೂಲೆಯಲ್ಲಿ 17 ಅಕ್ಷರದ ವಿನ್ ನಂಬರ್ ಇದೆಯಲ್ಲ, ಅದನ್ನು ಎನ್‌ಎಚ್‌ಟಿಎಸ್‌ಎ ಎನ್ನುವ ಸರ್ಕಾರಿ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿದರೆ ಆ ಗಾಡಿಗೆ ರೀಕಾಲ್ ಬಾಕಿ ಇದೆಯೇ ಎಂದು ತಿಳಿಯುತ್ತದೆ. ಇದ್ದರೆ ಅದರ ರಿಪೇರಿಗೆ ಕಾಸು ಕೊಡಬೇಕಿಲ್ಲ. ಟೊಯೊಟಾದವರು 2016ರಲ್ಲಿ ಈ ತಾನೇ ಸರಿಯುವ ಬಾಗಿಲಿನ ದೆಸೆಯಿಂದಲೇ ಅಮೆರಿಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಸಿಯೆನ್ನಾ ವ್ಯಾನುಗಳನ್ನು ವಾಪಸು ಕರೆದಿದ್ದರು. ಬಾಗಿಲು ಎಲ್ಲಾದರೂ ತಡೆದು ಮೋಟಾರಿನ ಫ್ಯೂಸ್ ಹೋದರೆ, ಲಾಕ್ ಬೀಳದೆ ಉಳಿದು, ಓಡುವಾಗ ತೆರೆದುಕೊಳ್ಳಬಹುದು ಎಂದು. ನಿಮ್ಮದು ಬೇರೆ ಕಂಪನಿಯ ವ್ಯಾನು, ಆದರೂ ನೋಡಿಬಿಡು.

ಲಾಕ್ ಎಂದೆನಲ್ಲ, ಇಷ್ಟುದ್ದ ಬರೆಯಲು ಕೂತಿದ್ದೇ ಅದಕ್ಕೆ.

ನಿನಗಾಗ ಎಂಟು ವರ್ಷ. ಓಮ್ನಿಯ ಬಾಗಿಲು ಸರಿಯಾಗಿ ಲಾಕ್ ಬೀಳುತ್ತಿರಲಿಲ್ಲ. ಮೆಕ್ಯಾನಿಕ್ಕು ಮುನ್ನೂರು ರೂಪಾಯಿ ಕೇಳಿದ. ಸಂಬಳವಾಗಲಿ ನೋಡೋಣ ಎಂದು ನೈಲಾನ್ ಹಗ್ಗ ಬಿಗಿದೆ. ಆಗುಂಬೆಗೆ ಹೊರಟಿದ್ದೆವು; ಮೇಗರವಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಹಗ್ಗ ಜಾರಿತು. ನಾನು ಕನ್ನಡಿಯಲ್ಲಿ ಕಂಡಿದ್ದು ತೆರೆದ ಬಾಗಿಲಾಚೆ ಓಡುವ ಹಸಿರು, ಮತ್ತು ನಿನ್ನ ನೀಲಿ ಫ್ರಾಕನ್ನು ಬೆನ್ನ ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದಿದ್ದ ನಿನ್ನಮ್ಮನ ಕೈ. ಮನೆ ಸೇರುವ ತನಕ ಅವಳು ಮಾತಾಡಲಿಲ್ಲ. ಫ್ರಾಕಿನ ಹೊಲಿಗೆ ಒಂದು ಗೇಣು ಬಿಚ್ಚಿತ್ತು. ಅವಳು ಅದನ್ನು ಮತ್ತೆ ಹೊಲಿಯಲೇ ಇಲ್ಲ, ಹಾಗೇ ಮಡಿಸಿ ಟ್ರಂಕಿಗೆ ಹಾಕಿದಳು. ಈಗಲೂ ಅಲ್ಲೇ ಇದೆ.

ಹಾಗಾಗಿ ಮಗಳೇ, ಗುಂಡಿ ಒತ್ತಿದಾಗ ಬಾಗಿಲು ಬರದಿದ್ದರೆ ಏನೂ ಅವಸರವಿಲ್ಲ. ಕೇಬಲ್ಲು ಅಡ್ಡ ಬರದ ಹಾಗೆ ತೆಗೆಸಿ ಕೈಯಲ್ಲೇ ಎಳೆದುಕೊಂಡಿರಿ, ಎರಡು ವರ್ಷ ಬೇಕಾದರೆ ಹಾಗೇ ಓಡಿಸಿ. ನೆರೆಮನೆಯವರ ಬಾಗಿಲು ತಾನಾಗಿ ಸರಿಯುತ್ತದೆ ಎಂಬುದಕ್ಕೆ 2,100 ಡಾಲರ್ ಸುರಿಯಬೇಡ. ಆದರೆ ಮುಚ್ಚಿದ ಬಾಗಿಲು ಲಾಕ್ ಬೀಳದಿದ್ದರೆ, ಬಾಗಿಲು ತೆರೆದಿದೆ ಎನ್ನುವ ದೀಪ ಆರದಿದ್ದರೆ, ಪುಟ್ಟನನ್ನು ಕೂರಿಸಿಕೊಂಡು ಸ್ಕೂಲಿನವರೆಗೂ ಹೋಗಕೂಡದು. ಆಗ ಕೇಳಿದಷ್ಟು ಕೊಟ್ಟು ಅದೇ ದಿನ ಮಾಡಿಸು. ಅಪ್ಪನ ಹಾಗೆ ಸಂಬಳದ ತಾರೀಕು ನೋಡಬೇಡ.

ನಿನ್ನಮ್ಮ ಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ, ಮೇ ತಿಂಗಳಲ್ಲಿ ಬರುವಾಗ ತರುತ್ತೇವೆ. ರಿಪೇರಿ ಮಾಡಿಸಿದರೆ ಹಳೇ ಕೇಬಲನ್ನು ಕೇಳಿ ತಗೋ, ಕೊಡುತ್ತಾರೆ. ಎಸೆಯಬೇಡ, ಒಂದು ಕವರಿನಲ್ಲಿ ಹಾಕಿ ಗರಾಜಿನಲ್ಲಿ ಇಟ್ಟಿರು. ಉಪ್ಪಿಗೆ ತುಕ್ಕು ಹಿಡಿದು ಹರಿಯಿತೋ, ನಾನು ಜಗ್ಗಿದ್ದಕ್ಕೆ ಹರಿಯಿತೋ, ಬಂದ ಮೇಲೆ ಬೆಳಕಿಗೆ ಹಿಡಿದು ನೋಡಬೇಕು.

ಇಂತು ನಿನ್ನ
ಅಪ್ಪ