ಹಳೆಯ ಸಣ್ಣ ಕಾರೊಂದನ್ನು ರ‍್ಯಾಲಿಗೆ ಅಣಿಗೊಳಿಸುವ ಬಗೆ

ವಿಶಾಖಪಟ್ಟಣ ಬಂದರಿನ ಸುತ್ತಮುತ್ತಲ ಬೀದಿಗಳಲ್ಲಿ ಹಳೆಯ ಮಾರುತಿ 800 ಕಾರುಗಳು ಈಗಲೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. 1983ನೆಯ ಇಸವಿ ಡಿಸೆಂಬರ್ 14ರಂದು ಅಂದಿನ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ಅದರ ಒಡೆಯರ ಕೈಗಿತ್ತರು. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆ ನಿಂತಿತು. ಹಿಂಭಾಗದಲ್ಲಿ ಮೇಲಕ್ಕೆ ತೆರೆಯುವ ಬಾಗಿಲುಳ್ಳ ಇಂತಹ ಹಳೆಯ ಕಾರನ್ನು ಅಗ್ಗದ ಬೆಲೆಗೆ ಕೊಂಡು, ಮನೆಯ ಅಂಗಳದಲ್ಲಿ ಬಿಚ್ಚಿ ಜೋಡಿಸಿ, ಹವ್ಯಾಸಿಗಳ ರ‍್ಯಾಲಿಗೆ ಅಣಿಗೊಳಿಸುವ ಉತ್ಸಾಹಿಗಳು ನಮ್ಮ ದೇಶದಲ್ಲಿ ಉಂಟು. ಆ ಕಾರ್ಯದಲ್ಲಿ ಯಾವುದು ಮೊದಲು, ಯಾವುದು ಅನಂತರ, ಹಾಗೇಕೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ರ‍್ಯಾಲಿ ಎಂದರೇನು?

ರ‍್ಯಾಲಿಯು ಓಟದ ಪಂದ್ಯವಲ್ಲ. ಪಂದ್ಯದಲ್ಲಿ ಕಾರುಗಳೆಲ್ಲ ಒಟ್ಟಿಗೆ ಹೊರಟು ಒಂದನ್ನೊಂದು ಹಿಂದೆ ಹಾಕಲು ಯತ್ನಿಸುತ್ತವೆ. ರ‍್ಯಾಲಿಯಲ್ಲಾದರೋ ಅವು ನಿಯತ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ; ಪ್ರತಿಸ್ಪರ್ಧಿ ಎಂದರೆ ಗಡಿಯಾರ. ಕಾರಿನಲ್ಲಿ ಇಬ್ಬರಿರುತ್ತಾರೆ. ಒಬ್ಬರು ಚಾಲಕರು; ಇನ್ನೊಬ್ಬರು ದಾರಿಯ ತಿರುವುಗಳನ್ನೂ ಕಾಲವನ್ನೂ ಓದಿ ಹೇಳುವ ಸಹಚಾಲಕರು. ಈ ಎರಡನೆಯ ವಿದ್ಯೆಯಲ್ಲಿ ಕಾಸರಗೋಡು ಜಿಲ್ಲೆಯ ಮೂಸಾ ಷರೀಫರು ದೇಶದಲ್ಲೆಲ್ಲ ಹೆಸರಾಂತವರು. ಸ್ಟಿಯರಿಂಗನ್ನು ಮುಟ್ಟದೆಯೂ ಒಬ್ಬರು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆಲ್ಲಬಹುದೆಂಬುದಕ್ಕೆ ಅವರೇ ನಿದರ್ಶನ.

ರ‍್ಯಾಲಿಯಲ್ಲಿ ಎರಡು ಬಗೆ. ಒಂದು, ಜನಸಂಚಾರಕ್ಕೆ ಮುಚ್ಚಿದ ಹಾದಿಯಲ್ಲಿ ಆದಷ್ಟು ಬೇಗನೆ ಓಡಿಸುವುದು. ಇನ್ನೊಂದು, ಗೊತ್ತುಪಡಿಸಿದ ಸರಾಸರಿ ವೇಗವನ್ನು ತಪ್ಪದೆ ಪಾಲಿಸುವುದು. ಈ ಎರಡನೆಯ ಬಗೆಯಲ್ಲಿ 24 ಕಿಲೋಮೀಟರನ್ನು ಗಂಟೆಗೆ 36ರ ವೇಗದಲ್ಲಿ ಮುಗಿಸಬೇಕೆಂದಿದ್ದರೆ 40 ನಿಮಿಷ ಹಿಡಿಯಬೇಕು. ತಡವಾದರೆ ದಂಡ, ಬೇಗನೆ ಬಂದರೂ ದಂಡ. ಹೊಸಬರು ಇದರಿಂದಲೇ ಆರಂಭಿಸುವುದು ಉಚಿತ. ಕಾರನ್ನು ಹೆಚ್ಚು ಮಾರ್ಪಡಿಸದೆಯೇ ಇದರಲ್ಲಿ ಭಾಗವಹಿಸಬಹುದು.

ಕನ್ನಡನಾಡಿಗೆ ಈ ಕ್ರೀಡೆ ಅಪರಿಚಿತವಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ಬಹುಕಾಲದಿಂದ ಪ್ರಸಿದ್ಧವಾದುದು. 2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಸರಣಿಯ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣುಹಾದಿಗಳಲ್ಲಿ ನಡೆಯಿತು.

ಇನ್ನು, ಸಣ್ಣ ಕಾರಿಗೆ ಇದು ಸಾಧ್ಯವೇ ಎಂದು ಯಾರಾದರೂ ಕೇಳಬಹುದು. 1964ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ ಎಂಬ ಚಾಲಕನು ಪುಟ್ಟ ಮಿನಿ ಕೂಪರ್ ಕಾರಿನಲ್ಲಿ ದೊಡ್ಡ ಎಂಜಿನ್ನಿನ ಕಾರುಗಳನ್ನು ಮೀರಿ ಗೆದ್ದನು. ಹಗುರವಾದ ಮೈ, ಮುಂದಿನ ಚಕ್ರಗಳಿಗೆ ಒದಗುವ ಎಳೆತ, ಬೇಗನೆ ತಿರುಗುವ ಗುಣ, ಇವು ಅದರ ಬಲ. ನಮ್ಮ ಮಾರುತಿಯಲ್ಲಿಯೂ ಈ ಗುಣಗಳುಂಟು. ಮೂರು ಸಿಲಿಂಡರುಗಳ 796 ಸಿ.ಸಿ. ಎಂಜಿನ್, ಮುಂಚಕ್ರಗಳ ಎಳೆತ, ಸುಮಾರು 650 ಕಿಲೋಗ್ರಾಂ ತೂಕ.

ಮೊದಲು ಮೈಯ ಪರೀಕ್ಷೆ

ಉತ್ಸಾಹಿಗಳು ಸಾಮಾನ್ಯವಾಗಿ ಎಂಜಿನ್ನಿನ ಬಲವನ್ನು ಹೆಚ್ಚಿಸುವುದರಿಂದ ಕೆಲಸವನ್ನು ಆರಂಭಿಸಲು ಬಯಸುತ್ತಾರೆ. ಇದು ತಳಹದಿಯನ್ನು ನೋಡದೆ ಮಾಳಿಗೆ ಕಟ್ಟಿದಂತೆ. ಈ ಕಾರಿಗೆ ಬೇರೆ ಚೌಕಟ್ಟು ಇಲ್ಲ; ತಗಡಿನ ಮೈಯೇ ಅದರ ಎಲುಬುಗೂಡು. ಚಕ್ರಗಳ ಏಟು, ಎಂಜಿನ್ನಿನ ಭಾರ, ಸೀಟಿನ ಬೆಲ್ಟಿನ ಸೆಳೆತ ಎಲ್ಲವನ್ನೂ ಮೈಯೇ ಹೊರಬೇಕು.

ಕಡಲತೀರದ ಊರಿನಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಸಮುದ್ರದ ಗಾಳಿಯಲ್ಲಿರುವ ಉಪ್ಪು ತೇವದೊಡನೆ ಸೇರಿ ತಗಡಿನ ಸಂದುಗಳಲ್ಲಿ ಕುಳಿತು ತುಕ್ಕನ್ನು ತ್ವರೆಗೊಳಿಸುತ್ತದೆ. ಆದುದರಿಂದ ಸೀಟು, ನೆಲಹಾಸು, ಒಳಗಿನ ರಟ್ಟುಗಳನ್ನೆಲ್ಲ ಮೊದಲು ತೆಗೆಯಬೇಕು. ಬಾಗಿಲುಗಳ ಕೆಳಗಿನ ಅಂಚು, ನೆಲದ ಮೂಲೆಗಳು, ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಬಿಗಿದಿರುವ ಜಾಗ, ಇವನ್ನು ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ತಗಡು ಕಣಕಣ ಎನ್ನುತ್ತದೆ. ತುಕ್ಕು ತಿಂದ ತಗಡು ಮಂಕಾಗಿ ದನಿಗೊಡುತ್ತದೆ. ಸಂಶಯವಿದ್ದಲ್ಲಿ ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ನೋಡಬೇಕು. ಕೊಳೆತ ಭಾಗವನ್ನು ಶುದ್ಧ ಲೋಹ ಕಾಣುವವರೆಗೆ ಕತ್ತರಿಸಿ ಹೊಸ ತಗಡನ್ನು ವೆಲ್ಡ್ ಮಾಡಬೇಕೇ ಹೊರತು, ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಯಕೂಡದು. ಪುಟ್ಟಿ ತುಕ್ಕನ್ನು ಮರೆಮಾಡುತ್ತದೆ; ಬಲವನ್ನು ಕೊಡುವುದಿಲ್ಲ.

ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ತಂತಿಯನ್ನು ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಡಬೇಕು. ಬರಿದಾದ ಟ್ಯಾಂಕು ನಿರಪಾಯವೆಂದು ತಿಳಿಯುವುದು ದೊಡ್ಡ ತಪ್ಪು; ಅದರಲ್ಲಿ ಉಳಿದ ಆವಿ ಕಿಡಿ ತಗುಲಿದರೆ ಸಿಡಿಯುತ್ತದೆ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ಯಾರೂ ಇಳಿಯಕೂಡದು. ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಡಲೇಬೇಕು. ವಿದ್ಯಾರ್ಥಿಗಳು ಬಲ್ಲ ಹಿರಿಯರಿಲ್ಲದೆ ಇಂತಹ ಕೆಲಸಕ್ಕೆ ಕೈಹಾಕತಕ್ಕದ್ದಲ್ಲ.

ಪ್ರಾಣ ಕಾಯುವ ಪಂಜರ

ಮೈ ಗಟ್ಟಿಯಾದ ಮೇಲೆ ಉಕ್ಕಿನ ಕೊಳವೆಗಳ ಪಂಜರವನ್ನು ಒಳಗೆ ಕೂಡಿಸುತ್ತಾರೆ. ಕಾರು ಮಗುಚಿದಾಗ ಛಾವಣಿ ಕುಸಿಯದಂತೆ ತಡೆಯುವುದು ಇದರ ಕೆಲಸ. ಅಂತರರಾಷ್ಟ್ರೀಯ ನಿಯಮದಂತೆ ಮುಖ್ಯ ಕಮಾನಿನ ಕೊಳವೆ ಬೆಸುಗೆಯ ಸಂದಿಲ್ಲದ, ತಣ್ಣಗೆ ಎಳೆದ ಇಂಗಾಲದ ಉಕ್ಕಿನದಾಗಿರಬೇಕು. ಅದರ ವ್ಯಾಸ 45 ಮಿಲಿಮೀಟರ್ ಇದ್ದರೆ ದಪ್ಪ ಕನಿಷ್ಠ 2.5, ವ್ಯಾಸ 50 ಇದ್ದರೆ ದಪ್ಪ ಕನಿಷ್ಠ 2 ಮಿಲಿಮೀಟರ್ ಇರಬೇಕು. ಪಂಜರದ ಕಾಲುಗಳು ತೆಳು ತಗಡನ್ನು ತೂರಿಹೋಗದಂತೆ, ಅವನ್ನು ಬಿಗಿಯುವಲ್ಲಿ ಕನಿಷ್ಠ 3 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಕೊಡಬೇಕು. ವಿಶಾಖಪಟ್ಟಣವು ಉಕ್ಕಿನ ಊರು ಹೌದು. ಆದರೆ ಕೈಗೆ ಸಿಕ್ಕಿದ ಕೊಳವೆಯೆಲ್ಲ ಪಂಜರಕ್ಕೆ ತಕ್ಕುದಲ್ಲ. ನೀರಿನ ನಲ್ಲಿಯ ಕೊಳವೆಯಿಂದ ಮಾಡಿದ ಪಂಜರವು ಭರವಸೆಯನ್ನು ಕೊಟ್ಟು ಸಮಯಕ್ಕೆ ಕೈಬಿಡುತ್ತದೆ.

ಇಲ್ಲಿ ಒಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ಪಂಜರವೊಂದೇ ಕಾಪಾಡಲಾರದು. ಹೆಲ್ಮೆಟ್ ಇಲ್ಲದವನ ತಲೆಗೆ ಬಡಿಯುವ ಮೊದಲ ವಸ್ತು ಆ ಪಂಜರವೇ. ಆದಕಾರಣ ಹೆಲ್ಮೆಟ್, ಅದುಮಿ ಹಿಡಿಯುವ ಸೀಟು, ಎರಡೂ ಹೆಗಲನ್ನು ಬಿಗಿಯುವ ಬೆಲ್ಟು, ಕೈಗೆಟುಕುವ ಬೆಂಕಿನಂದಕ, ಒಳಗಿನಿಂದಲೂ ಹೊರಗಿನಿಂದಲೂ ವಿದ್ಯುತ್ತನ್ನು ಕಡಿದುಹಾಕುವ ಸ್ವಿಚ್ಚು, ಇವೆಲ್ಲವೂ ಒಂದೇ ಏರ್ಪಾಟಿನ ಅಂಗಗಳು. ಇದೇ ಕಾರಣದಿಂದ ಪಂಜರವುಳ್ಳ ಕಾರನ್ನು ಹೆಲ್ಮೆಟ್ ಇಲ್ಲದೆ ಮನೆಮಂದಿಯ ದಿನಬಳಕೆಗೆ ಉಪಯೋಗಿಸುವುದು ಸಲ್ಲದು.

ಬ್ರೇಕು

ಕಾರು ಮತ್ತು ಇಬ್ಬರು ಸವಾರರ ಒಟ್ಟು ದ್ರವ್ಯರಾಶಿ 800 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 36 ಕಿಲೋಮೀಟರ್, ಎಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅದರ ಚಲನಶಕ್ತಿ 40,000 ಜೂಲ್. ವೇಗವು ಇಮ್ಮಡಿಯಾಗಿ 72 ಆದರೆ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ, 1,60,000 ಜೂಲ್. ಕಾರನ್ನು ನಿಲ್ಲಿಸುವಾಗ ಈ ಶಕ್ತಿಯ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ.

ಶೃಂಗವರಪುಕೋಟೆಯಿಂದ ಅನಂತಗಿರಿಯ ಮೂಲಕ ಅರಕು ಕಣಿವೆಗೆ ಏರುವ ಘಾಟಿಯನ್ನಾಗಲಿ, ನಮ್ಮ ಚಾರ್ಮಾಡಿ ಘಾಟಿಯನ್ನಾಗಲಿ ಇಳಿಯುವಾಗ ತಿರುವು ತಿರುವಿಗೂ ಈ ಶಾಖ ಕೂಡುತ್ತ ಹೋಗುತ್ತದೆ. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವುಂಟು. ಡಾಟ್ 3 ಎಂಬ ವರ್ಗದ ಹೊಸ ದ್ರವವು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಕೂಡದೆಂದು ನಿಯಮ. ತೇವ ಹೀರಿದ ದ್ರವಕ್ಕೆ ವಿಧಿಸಿದ ಮಟ್ಟವಾದರೋ 140 ಡಿಗ್ರಿ ಮಾತ್ರ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವು ಅಮುಕಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಆಗ ಪೆಡಲು ಕಾಲಡಿಯಲ್ಲಿ ಕುಸಿಯುತ್ತದೆ, ಕಾರು ನಿಲ್ಲುವುದಿಲ್ಲ. ತೇವದ ಗಾಳಿಯ ಬಂದರಿನ ಊರಿನಲ್ಲಿ ವರ್ಷಗಟ್ಟಲೆ ಬದಲಾಯಿಸದ ದ್ರವವನ್ನಿಟ್ಟುಕೊಂಡು ಘಾಟಿಗೆ ಹೋಗುವುದು ಎಷ್ಟು ಅಪಾಯಕರವೆಂಬುದು ಇದರಿಂದ ಸ್ಪಷ್ಟ. ಹೊಸ ದ್ರವ, ಹೊಸ ರಬ್ಬರ್ ಕೊಳವೆ, ಹೊಸ ಪ್ಯಾಡು, ಇವಕ್ಕೆ ತಗಲುವ ವೆಚ್ಚ ಅಲ್ಪ. ಇವುಗಳಿಂದಾಗುವ ರಕ್ಷಣೆ ಅಪಾರ.

ಸ್ಪ್ರಿಂಗು, ಟೈರು ಮತ್ತು ತಳದ ಕವಚ

ಸ್ಪ್ರಿಂಗು ರಸ್ತೆಯ ಏಟನ್ನು ಕೂಡಿಟ್ಟುಕೊಂಡು ಮರಳಿ ಕೊಡುತ್ತದೆ. ಶಾಕ್ ಅಬ್ಸಾರ್ಬರು ಆ ಕುಣಿತವನ್ನು ಎಣ್ಣೆಯ ಘರ್ಷಣೆಯಿಂದ ಶಾಖವಾಗಿಸಿ ಅಡಗಿಸುತ್ತದೆ. ಬರಿಯ ಸ್ಪ್ರಿಂಗನ್ನು ಗಟ್ಟಿಮಾಡಿ ಹಳೆಯ ಅಬ್ಸಾರ್ಬರನ್ನೇ ಉಳಿಸಿದರೆ ಕಾರು ಚೆಂಡಿನಂತೆ ಪುಟಿಯುತ್ತದೆ. ಗಾಳಿಯಲ್ಲಿರುವ ಚಕ್ರವು ತಿರುಗಿಸಲೂ ಆರದು, ನಿಲ್ಲಿಸಲೂ ಆರದು. ಕಲ್ಲು ತಗುಲದಿರಲೆಂದು ಕಾರನ್ನು ತುಸು ಎತ್ತರಿಸುವುದುಂಟು. ಆದರೆ ಎತ್ತರಿಸಿದಷ್ಟೂ ಗುರುತ್ವಕೇಂದ್ರ ಮೇಲೇರಿ ಮಗುಚುವ ಭಯ ಹೆಚ್ಚುತ್ತದೆ. ಒಂದು ಲಾಭಕ್ಕೆ ಒಂದು ಬೆಲೆಯಿರುವುದು ಯಂತ್ರಶಾಸ್ತ್ರದ ಸಾಮಾನ್ಯ ನಿಯಮ.

ಎಂಜಿನ್ನಿನ ಕೆಳಗೆ ಎಣ್ಣೆಯ ತಟ್ಟೆ ತೂಗುತ್ತಿರುತ್ತದೆ. ಒಂದು ಕಲ್ಲು ಅದನ್ನು ಸೀಳಿದರೆ ಎಣ್ಣೆ ಸೋರಿ ಎಂಜಿನ್ ಬಿಗಿದುಕೊಳ್ಳುತ್ತದೆ. ಅದಕ್ಕಾಗಿ ದಪ್ಪ ತಗಡಿನ ಕವಚವನ್ನು ಕಟ್ಟಬೇಕು. ಗಾಳಿಯಾಡಲೂ ಎಣ್ಣೆ ಬದಲಿಸಲೂ ಅದರಲ್ಲಿ ರಂಧ್ರಗಳಿರಬೇಕು.

ಎಂಜಿನ್ ಕೊನೆಗೆ

ಎಂಜಿನ್ನಿನ ವಿಷಯದಲ್ಲಿ ನಾವು ಹೇಳುವುದು ಸ್ವಲ್ಪವೇ. ಅದರ ಬಲವನ್ನು ಹೆಚ್ಚಿಸುವುದಕ್ಕಿಂತ ಇರುವ ಬಲವನ್ನು ನಂಬುವಂತೆ ಮಾಡುವುದು ಮೇಲು. ಟೈಮಿಂಗ್ ಬೆಲ್ಟನ್ನೂ ನೀರಿನ ಕೊಳವೆಗಳನ್ನೂ ಬದಲಿಸಿ, ರೇಡಿಯೇಟರನ್ನು ತೊಳೆದು, ಧೂಳು ಒಳಸೇರದಂತೆ ಗಾಳಿಯ ಫಿಲ್ಟರನ್ನು ಭದ್ರಪಡಿಸಿದರೆ ಹವ್ಯಾಸಿಗೆ ಸಾಕು. ಬಿಡಿಭಾಗಗಳಿಗಾಗಿ ಬಹುದೂರ ಅಲೆಯಬೇಕಾಗಿಲ್ಲ. ವಿಜಯವಾಡದ ಆಟೋನಗರವು ವಾಹನಗಳ ದುರಸ್ತಿಗೂ ಬಿಡಿಭಾಗಗಳಿಗೂ ಹೆಸರಾದ ಸ್ಥಳ. ಆದರೆ ಬ್ರೇಕಿನ ಹಾಗೂ ಸ್ಟಿಯರಿಂಗಿನ ಭಾಗಗಳನ್ನು ಹಳೆಯ ಸಾಮಾನಿನ ಅಂಗಡಿಯಿಂದ ಕೊಳ್ಳತಕ್ಕದ್ದಲ್ಲ.

ಕಾನೂನು ಮತ್ತು ದಾರಿಹೋಕರು

ರ‍್ಯಾಲಿಯ ಕಾರು ಒಂದು ಹಂತದಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲಿಯೇ ಹೋಗಬೇಕು. ಆದುದರಿಂದ ಅದರ ನೋಂದಣಿ, ವಿಮೆಗಳು ಕ್ರಮವಾಗಿರಬೇಕು. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ; ಅನಂತರ ಪರೀಕ್ಷೆಗೊಪ್ಪಿಸಿ ನವೀಕರಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದಕಾರಣ ಗರಗಸ ಹಿಡಿಯುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ಸ್ಪರ್ಧೆ ನಡೆಸುವ ಕ್ಲಬ್ಬಿನಲ್ಲಿಯೂ ವಿಚಾರಿಸಬೇಕು.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ನಡೆದ ರಾಷ್ಟ್ರೀಯ ರ‍್ಯಾಲಿಯೊಂದರಲ್ಲಿ ಸ್ಪರ್ಧೆಯ ಹಾದಿಗೆ ಬಂದ ಮೋಟಾರ್ ಸೈಕಲ್ಲಿಗೆ ಕಾರು ಬಡಿದು, ಒಂದೇ ಕುಟುಂಬದ ಮೂವರು ಮೃತರಾದರು. ಪಂಜರವೂ ಬೆಲ್ಟೂ ಹೆಲ್ಮೆಟ್ಟೂ ಕಾರಿನೊಳಗಿನವರನ್ನು ಕಾಯಬಲ್ಲವು. ಹೊರಗಿನವರನ್ನು ಕಾಯುವ ಸಾಧನ ಯಾವ ಅಂಗಡಿಯಲ್ಲಿಯೂ ದೊರೆಯದು. ಹಾದಿಯನ್ನು ನಿಜವಾಗಿ ಮುಚ್ಚಿ ಕಾವಲಿರಿಸುವುದು, ಊರವರಿಗೆ ಮೊದಲೇ ತಿಳಿಸುವುದು, ಸ್ಪರ್ಧೆಯ ಹೊರಗೆ ವೇಗವನ್ನು ಮರೆಯುವುದು, ಇವೇ ಆ ಸಾಧನಗಳು.

ಹೀಗೆ ನೋಡಿದರೆ ಮೈ, ಪಂಜರ, ಬ್ರೇಕು, ಸ್ಪ್ರಿಂಗು, ಕಟ್ಟಕಡೆಗೆ ಎಂಜಿನ್ ಎಂಬ ಕ್ರಮವು ಕೇವಲ ಅನುಕೂಲಕ್ಕಾಗಿ ಹೇಳಿದುದಲ್ಲ. ನಿಲ್ಲಲು ಬಲ್ಲ ಕಾರಿಗೆ ಮಾತ್ರ ಓಡುವ ಅಧಿಕಾರವಿದೆ ಎಂಬ ತತ್ತ್ವ ಆ ಕ್ರಮದಲ್ಲಿ ಅಡಗಿದೆ. ಕೈಗೆ ಸ್ಪಾನರು ಬರುವ ಮೊದಲೇ ಇದು ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರಲಿ.

ಅಭ್ಯಾಸ

1. ಗಂಟೆಗೆ 30 ಕಿಲೋಮೀಟರ್ ಸರಾಸರಿ ವೇಗದಲ್ಲಿ 45 ಕಿಲೋಮೀಟರ್ ಕ್ರಮಿಸಲು ಎಷ್ಟು ಕಾಲ ಬೇಕು?
2. 800 ಕಿಲೋಗ್ರಾಂ ದ್ರವ್ಯರಾಶಿಯ ಕಾರು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿರುವಾಗ ಅದರ ಚಲನಶಕ್ತಿಯನ್ನು ಕಂಡುಹಿಡಿಯಿರಿ.
3. ಬಂದರಿನ ಊರಿನಲ್ಲಿ ಕಾರಿನ ಮೈ, ಬ್ರೇಕಿನ ದ್ರವ ಎರಡನ್ನೂ ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕು. ಕಾರಣವನ್ನು ವಿವರಿಸಿರಿ.