ತಡವಾಯಿತೆಂಬ ಕೊರಗು ಬಿಡಿ

ಪ್ರಶ್ನೆ: ನಾವು ಗಜೇಂದ್ರಗಡದ ನೇಕಾರರು. ಯಜಮಾನರ ಎಡಗಣ್ಣು ಮೆಲ್ಲಗೆ ಉಬ್ಬುತ್ತಾ ಬಂತು. ನೋವಿರಲಿಲ್ಲ, ದೃಷ್ಟಿ ತೆಗೆದು ಸುಮ್ಮನಾದೆವು. ಈಗ ಕಣ್ಣಿನ ಗೂಡಿನಲ್ಲಿ ಕೊಬ್ಬಿನ ಕ್ಯಾನ್ಸರ್, ‘ಲೈಪೊಸಾರ್ಕೋಮಾ’ ಎಂದಿದ್ದಾರೆ. ಕಣ್ಣನ್ನೇ ತೆಗೆಯಬೇಕಾದೀತಂತೆ. ಚಾಕು ತಾಗಿದರೆ ಹಬ್ಬುತ್ತದೆ ಎಂದು ಹಿರಿಯರು ಬೇಡವೆನ್ನುತ್ತಾರೆ. ನನ್ನಿಂದಲೇ ತಡವಾಯಿತೆಂದು ನಿದ್ದೆ ಬರುತ್ತಿಲ್ಲ.

ಉತ್ತರ: ತಾಯಿ, ಇಂಥ ಸುದ್ದಿ ಕೇಳಿದ ಮೇಲೆ ನಿದ್ದೆ ಬಾರದಿರುವುದು ಸಹಜ. ಆದರೆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಈ ಗಡ್ಡೆ ಬಹಳ ಅಪರೂಪ. ಹೆಚ್ಚಾಗಿ ನೋವಿಲ್ಲದೆ, ನಿಧಾನವಾಗಿ ಬೆಳೆಯುತ್ತದೆ. ಕಣ್ಣು ಉಬ್ಬಿದರೆ ವೈದ್ಯರೂ ಮೊದಲು ಥೈರಾಯ್ಡ್ ತೊಂದರೆಯನ್ನೇ ಶಂಕಿಸುವುದುಂಟು. ಇದು ಯಾರ ದೃಷ್ಟಿಯಿಂದಲೂ ಬಂದದ್ದಲ್ಲ, ಮಗ್ಗದ ಕೆಲಸದಿಂದಲೂ ಅಲ್ಲ.

ಹಿರಿಯರ ಮಾತಿನ ಹಿಂದೆ ಇರುವುದು ಪ್ರೀತಿ ಮತ್ತು ಭಯ. ಅವರಿಗೆ ಹೀಗೆ ಹೇಳಿ: ಚಾಕು ತಾಗಿದ್ದರಿಂದಲ್ಲ, ಗಡ್ಡೆ ಅರ್ಧಂಬರ್ಧ ಉಳಿದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತದೆ. ಆದ್ದರಿಂದಲೇ ಮೊದಲ ಶಸ್ತ್ರಚಿಕಿತ್ಸೆ ಅನುಭವಿಗಳ ಕೈಯಲ್ಲಿ, ಪೂರ್ತಿಯಾಗಿ ಆಗಬೇಕು.

ಈಗ ಮಾಡಬೇಕಾದದ್ದು ಇಷ್ಟು. ಸ್ಕ್ಯಾನ್ ಮತ್ತು ಬಯಾಪ್ಸಿಯ ವರದಿ, ಸ್ಲೈಡುಗಳನ್ನು ಜೋಪಾನ ಮಾಡಿ. ಗದಗದ ಜಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ರೆಫರಲ್ ಪತ್ರ ಕೇಳಿ. ಅಪರೂಪದ ಗಡ್ಡೆಯಾದ್ದರಿಂದ ಸ್ಲೈಡುಗಳನ್ನು ಅಲ್ಲಿ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು. ಬಿಪಿಎಲ್ ಕಾರ್ಡಿದ್ದರೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ.

ವೈದ್ಯರನ್ನು ಕೇಳಿ: ಕಣ್ಣು ಉಳಿಸಿಯೇ ಗಡ್ಡೆ ಪೂರ್ತಿ ತೆಗೆಯಬಹುದೆ? ವಿಕಿರಣ ಚಿಕಿತ್ಸೆ ಬೇಕಾದೀತೆ? ಮುಂದೆ ಎಷ್ಟು ವರ್ಷ ತಪಾಸಣೆಗೆ ಬರಬೇಕು? ಕಣ್ಣು ತೆಗೆಯಲೇಬೇಕಾದರೆ, ಗಾಯ ಮಾಗಿದ ಮೇಲೆ ಕೃತಕ ಕಣ್ಣಿನ ಜೋಡಣೆ ಮಾಡಿಸಬಹುದು. ಒಂದೇ ಕಣ್ಣಿನಲ್ಲಿ ದುಡಿದು ಬದುಕುವವರು ಬಹಳ ಮಂದಿ ಇದ್ದಾರೆ.

ಯಜಮಾನರಿಂದ ಏನನ್ನೂ ಮುಚ್ಚಿಡಬೇಡಿ. ಕಣ್ಣು ಅವರದು, ಕೊನೆಯ ಮಾತೂ ಅವರದೇ ಆಗಲಿ. ಮನಸ್ಸು ತೀರ ಭಾರವಾದರೆ ಇಬ್ಬರೂ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ರೋಣ, ನರಗುಂದದ ಓದುಗರೇ, ಒಂದು ಕಣ್ಣು ಉಬ್ಬಿದರೆ ಅಥವಾ ಎರಡೆರಡು ಕಾಣಿಸಿದರೆ, ನೋವಿಲ್ಲದಿದ್ದರೂ ಕಣ್ಣಿನ ವೈದ್ಯರಿಗೆ ತೋರಿಸಿ. ತಾಯಿ, ನೀವು ಈ ವಾರವೇ ಗದಗಕ್ಕೆ ಹೊರಡಿ. ಜೊತೆಗೆ ಆ ಹಿರಿಯರಲ್ಲಿ ಒಬ್ಬರನ್ನೂ ಕರೆದೊಯ್ಯಿರಿ, ಅವರ ಅನುಮಾನವನ್ನು ವೈದ್ಯರೇ ಬಿಡಿಸಲಿ.